ಬೇಲಿಯಾಚೆ ಜ್ವಾನೆ ಕಂಡದ್ದು

ಇಸ್ತ್ರಿಯಾ ಕರಾವಳಿಯ ಕೊಸ್ತ್ರೆಲಾ ಊರಿನವರಿಗೆ ದೇವರ ಬಗ್ಗೆ ಒಂದಿಷ್ಟು ಅನುಮಾನ ಇದ್ದೀತು, ಆದರೆ ಕೆಳಗಿನ ಕೊಲ್ಲಿಯ ಪೈನ್ ತೋಪಿನಲ್ಲಿರುವ ಬತ್ತಲೆ ಕ್ಯಾಂಪಿನೊಳಗೆ ಏನು ನಡೆಯುತ್ತದೆ ಎಂಬುದರ ಬಗ್ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಬೇಸಿಗೆ ಬಂತೆಂದರೆ ಜರ್ಮನಿ, ಆಸ್ಟ್ರಿಯಾ, ಹಾಲೆಂಡಿನ ಗಾಡಿಗಳು ಸಾಲುಗಟ್ಟಿ ಬಂದು ಆ ಬೇಲಿಯೊಳಗೆ ಮಾಯವಾಗುತ್ತಿದ್ದವು. ಒಳಗೆ ಹೋದವರು ಬಟ್ಟೆ ಬಿಚ್ಚುತ್ತಾರೆ. ಬಟ್ಟೆ ಬಿಚ್ಚಿದ ಮನುಷ್ಯ ಮತ್ತೇನು ಮಾಡಿಯಾನು? ಅದೇ! ಊರಿನ ತರ್ಕ ಅಷ್ಟು ನೇರ. ಸ್ನಾನಕ್ಕೂ ಬಟ್ಟೆ ಬಿಚ್ಚುತ್ತಾರಲ್ಲ ಎಂದು ಯಾರಾದರೂ ಕೇಳಿದ್ದರೆ ಅವನನ್ನು ಪೆದ್ದನ ಲೆಕ್ಕಕ್ಕೆ ಸೇರಿಸಿಬಿಡುತ್ತಿದ್ದರು.

ಇಷ್ಟೆಲ್ಲ ಗೊತ್ತಿದ್ದ ಊರಿನಲ್ಲಿ ಬೇಲಿಯಾಚೆ ಕಾಲಿಟ್ಟವನು ಮಾತ್ರ ಒಬ್ಬನೇ, ನಲ್ಲಿ ರಿಪೇರಿಯ ಜ್ವಾನೆ. ಕ್ಯಾಂಪಿನ ಕೆಲಸಗಾರರೆಲ್ಲ ದೂರದ ಪಟ್ಟಣದಿಂದ ಬರುತ್ತಿದ್ದರು. ಕೊಸ್ತ್ರೆಲಾದವರು ಅಲ್ಲಿ ದುಡಿಯುವುದಿಲ್ಲ ಎಂಬುದು ಊರಿನ ದೊಡ್ಡ ಹೆಮ್ಮೆ. ಮೂವತ್ತು ವರ್ಷದ ಹಿಂದೆ ಪಟ್ಟಣದ ನಲ್ಲಿಯವನು ಕಾಲು ಮುರಿದುಕೊಂಡು ಮಲಗಿದಾಗ ಜ್ವಾನೆ ಒಂದು ಬೇಸಿಗೆ ಅಲ್ಲಿ ಕೊಳವೆ ಜೋಡಿಸಿ ಬಂದಿದ್ದ.

ಆ ಬೇಸಿಗೆ ಅವನು ಕಂಡದ್ದೇನು? ಇದ್ದದ್ದನ್ನು ಹೇಳಿಬಿಡುತ್ತೇನೆ. ಡೊಳ್ಳುಹೊಟ್ಟೆಯ ಮುದುಕನೊಬ್ಬ ಸ್ಟೂಲಿನ ಮೇಲೆ ಟವೆಲ್ ಹಾಸಿ ಕೂತು ಆಲೂಗಡ್ಡೆ ಸಿಪ್ಪೆ ಹೆರೆಯುತ್ತಿದ್ದ. ಅವನ ಹೆಂಡತಿ ಪಕ್ಕದಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದಳು. ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ ಇಬ್ಬರು ಹೆಂಗಸರು, ಯಾರೋ ಅನ್ನದ ಅಗುಳು ಬಿಟ್ಟು ನೀರು ಕಟ್ಟಿಸಿದ್ದಾರೆ ಎಂದು ಒಬ್ಬರ ಮೇಲೊಬ್ಬರು ಹಾಯುತ್ತಿದ್ದರು. ಮಕ್ಕಳು ಐಸ್‌ಕ್ರೀಮಿಗೆ ಅಳುತ್ತಿದ್ದವು. ಮೊದಲ ದಿನ ಜ್ವಾನೆಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಎರಡನೆಯ ದಿನಕ್ಕೆ ನೋಡಲು ಏನೂ ಉಳಿದಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಆಕಳಿಕೆ ಶುರುವಾಯಿತು. ಬಟ್ಟೆ ಹಾಕಿದ ಜನ ಮಾಡುವುದನ್ನೇ ಈ ಜನ ಬಟ್ಟೆಯಿಲ್ಲದೆ ಮಾಡುತ್ತಿದ್ದರು, ಅದೂ ಇನ್ನಷ್ಟು ಶಿಸ್ತಿನಿಂದ.

ಆದರೆ ಸಂಜೆ ರೊಮಾನಾಳ ಪಡಖಾನೆಗೆ ಹೋದಾಗ ಊರಿನ ಗಂಡಸರೆಲ್ಲ ಇಸ್ಪೀಟು ಕೆಳಗಿಟ್ಟು, ಕುರ್ಚಿ ಹತ್ತಿರಕ್ಕೆಳೆದು ಕೇಳಿದರು: "ಹೇಳೋ, ಏನ್ ನೋಡ್ದೆ?"

ಆಲೂಗಡ್ಡೆ ಅಂದಿದ್ದರೆ ಹಿಡಿದು ಬಡಿಯುತ್ತಿದ್ದರು. ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಜ್ವಾನೆ ತಲೆ ಬಗ್ಗಿಸಿ, "ಅಯ್ಯೋ, ಅದನ್ನೆಲ್ಲ ಬಾಯ್ಬಿಟ್ಟು ಹೇಳೋಕಾಗತ್ತೇನ್ರೋ" ಅಂದ. ಅಷ್ಟೇ ಅಂದದ್ದು. ಮುಂದೆ ಮಲ್ವಾಸಿಯಾ ವೈನಿನ ಲೋಟ ಬಂದು ಕೂತಿತು.

ಆ ಒಂದು ಬೇಸಿಗೆ ಮೂವತ್ತು ವರ್ಷ ಮೇವು ಹಾಕಿತು. ಹೆಂಡತಿಯರ ಅದಲುಬದಲು ಬಂತು, ಬೆಂಕಿ ಸುತ್ತ ಕುಣಿತ ಬಂತು, ನಲ್ಲಿ ಸೋರುತ್ತೆ ಬಾ ಅಂತ ಕರೆದವಳೊಬ್ಬಳ ಕಥೆ ಬಂತು. "ಹೋಗಿ ನೋಡ್ತೀನಿ, ನಲ್ಲಿ ಸರಿಯಾಗೇ ಇದೆ!" ಎಂದು ಜ್ವಾನೆ ಅಲ್ಲಿಗೆ ನಿಲ್ಲಿಸಿ ಲೋಟ ಎತ್ತುತ್ತಿದ್ದ, ಇಡೀ ಪಡಖಾನೆ ಉಸಿರು ಬಿಡುತ್ತಿತ್ತು. ಅವನ ಕಥೆಯ ಕ್ಯಾಂಪಿನಲ್ಲಿ ಮೂವತ್ತು ದಾಟಿದ ಹೆಂಗಸೇ ಇರಲಿಲ್ಲ. ಮಂಡಿನೋವಿನವರೆಲ್ಲ ಎಲ್ಲಿ ಹಾಳಾಗಿ ಹೋಗಿದ್ದರೋ! ಇಂಥ ಗಂಡನನ್ನು ಕಟ್ಟಿಕೊಂಡು ಹೊಟ್ಟೆ ಉರಿಯೋಲ್ವೇನೇ ಎಂದು ಅಕ್ಕಪಕ್ಕದವರು ಕೇಳಿದರೆ ಅವನ ಹೆಂಡತಿ ಫೂಮಾ, "ನಮ್ಮನೆ ನಲ್ಲೀನೇ ಅವನ ಕೈಲಿ ಇನ್ನೂ ರಿಪೇರಿ ಆಗಿಲ್ಲ, ಬಿಡ್ರೇ" ಅನ್ನುತ್ತಿದ್ದಳು.

ಹೀಗೆ ಎಲ್ಲರೂ ಸುಖವಾಗಿದ್ದರು, ಮಗಳು ನಿವೆಸ್‌ಗೆ ಅದೇ ಕ್ಯಾಂಪಿನಲ್ಲಿ ಕೆಲಸ ಸಿಗುವವರೆಗೆ.

ನಿವೆಸ್ ಹೋಟೆಲ್ ಕೆಲಸ ಓದಿದವಳು. ಇಸ್ತ್ರಿಯಾ ಕರಾವಳಿಯಲ್ಲಿ ಹೋಟೆಲ್ ಕೆಲಸವೆಂದರೆ ಬೇಸಿಗೆಯಲ್ಲಿ ಮೈಮುರಿಯುವ ದುಡಿತ, ಚಳಿಗಾಲದಲ್ಲಿ ಅಪ್ಪನ ಮನೆಯ ಸೂಪು. ಪ್ರತಿ ಅಕ್ಟೋಬರಿನಲ್ಲೂ ಪೆಟ್ಟಿಗೆ ಹೊತ್ತು ವಾಪಸು ಬಂದು ಬಂದು ಅವಳಿಗೆ ಸಾಕಾಗಿತ್ತು. ಈಗ ಕ್ಯಾಂಪಿನವರು ಸ್ವಾಗತ ವಿಭಾಗಕ್ಕೆ ಮುಖ್ಯಸ್ಥೆಯಾಗಿ ಕರೆದಿದ್ದರು. ವರ್ಷಪೂರ್ತಿ ಸಂಬಳ, ಇರಲು ಮನೆ ಕೂಡ. ದ್ರಾಕ್ಷಿ ಕುಯ್ಲು ಮುಗಿದ ಮೇಲೆ ಅವಳ ಮದುವೆ. ಹುಡುಗ ದೊರ್ಯಾನ್, ಆಲಿವ್ ಎಣ್ಣೆ ಗಾಣದ ಬೆಪೊನ ಮಗ. ಬೆಪೊ ಅಂದರೆ ಯಾರೆಂದುಕೊಂಡಿರಿ? ಪಡಖಾನೆಯಲ್ಲಿ ಜ್ವಾನೆಯ ಇಸ್ಪೀಟಿನ ಜೊತೆಗಾರ, ಅವನ ಕಥೆಗಳ ಪರಮ ಭಕ್ತ. ಯಾವ ಕಥೆಯನ್ನು ಎಷ್ಟನೇ ಸಲ ಕೇಳಿದರೂ ಮೊದಲ ಸಲದ ಹಾಗೆ ಬಾಯಿ ಬಿಡುತ್ತಿದ್ದವನು. ನಿಶ್ಚಿತಾರ್ಥವಾದ ಮೇಲೆ ಇಬ್ಬರೂ "ಏನೋ" ಬಿಟ್ಟು "ಬೀಗರೇ" ಹಿಡಿದಿದ್ದರು. ಸಿಟ್ಟು ಬಂದರೆ ಮಾತ್ರ ಹಳೆಯದಕ್ಕೆ ಇಳಿಯುತ್ತಿದ್ದರು.

"ಬೀಗರೇ, ಒಂದು ಮಾತು" ಎಂದ ಬೆಪೊ ಒಂದು ಸಂಜೆ. "ನಿವೆಸ್ ಆ ಕ್ಯಾಂಪಿಗೆ ಸೇರ್ತಾಳಂತೆ?"

"ಸ್ವಾಗತದ ಮೇಜು ಮಾರಾಯ್ರೇ. ಬಿಳಿ ಅಂಗಿ, ನೀಲಿ ಪ್ಯಾಂಟು. ಬಟ್ಟೆ ಹಾಕ್ಕೊಂಡೇ ಇರ್ತಾಳೆ."

"ಅವಳು ಹಾಕ್ಕೊಂಡಿರ್ತಾಳೆ. ಎದುರಿಗೆ ಬಂದು ನಿಲ್ಲೋರು?"

ಜ್ವಾನೆ ಇಸ್ಪೀಟು ನೋಡಿಕೊಂಡ.

"ಅಲ್ಲೇನು ನಡೆಯತ್ತೆ ಅಂತ ನಂಗೆ ಬೇರೆ ಯಾರೂ ಹೇಳ್ಬೇಕಾಗಿಲ್ಲ. ಇಷ್ಟು ವರ್ಷ ನಿಮ್ಮ ಬಾಯಲ್ಲೇ ಕೇಳಿದೀನಿ. ನಮ್ಮನೆ ಸೊಸೆ ಅಲ್ಲಿ ಕಾಲಿಡೋ ಹಾಗಿಲ್ಲ. ಕೆಲಸ ಬಿಡ್ಲಿ, ಇಲ್ಲಾ ಮದುವೆ ಬಿಡೋಣ. ಬೇಜಾರು ಮಾಡ್ಕೋಬೇಡಿ, ಮಾನದ ಪ್ರಶ್ನೆ."

ಜ್ವಾನೆ ಆ ಆಟದಲ್ಲಿ ತುರುಫು ಇಟ್ಟುಕೊಂಡೂ ಸೋತ.

ಮನೆಯಲ್ಲಿ ನಿವೆಸ್ ಅಪ್ಪನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. ಅವಳು ಅಳುವ ಹುಡುಗಿಯಲ್ಲ, ಆದರೆ ಕಣ್ಣು ಕೆಂಪಾಗಿತ್ತು.

"ಅಪ್ಪಾ, ಊರಲ್ಲಿ ಅದರೊಳಗೆ ಹೋಗಿ ಬಂದೋನು ನೀನೊಬ್ಬನೇ. ಹೋಗಿ ನಿಜ ಹೇಳು."

"ನಿಜ ಅಂದ್ರೆ ಏನಮ್ಮಾ..."

"ಆಲೂಗಡ್ಡೆ" ಅಂದಳು ಫೂಮಾ ಒಲೆಯ ಹತ್ತಿರದಿಂದ, ತಿರುಗಿಯೂ ನೋಡದೆ. "ಮೊದಲನೇ ರಾತ್ರಿ ಮನೆಗೆ ಬಂದು ನಂಗೆ ಹೇಳಿದ್ಯಲ್ಲ, ಜರ್ಮನಿಯವರು ಸಿಪ್ಪೆ ಎಷ್ಟು ತೆಳ್ಳಗೆ ತೆಗೀತಾರೆ ಅಂತ. ಅದನ್ನೇ ಹೇಳು."

"ದೊರ್ಯಾನ್ ಬೇಕು ನಂಗೆ" ಅಂದಳು ನಿವೆಸ್. "ಕೆಲಸಾನೂ ಬೇಕು. ಎರಡರಲ್ಲಿ ಒಂದು ಆರಿಸ್ಕೋ ಅಂತ ಹೇಳೋಕೆ ಬೆಪೊ ಮಾವ ಯಾರು? ಆ ಮಾತು ಅವರ ತಲೇಲಿ ತುಂಬಿದೋರು ಯಾರು?"

ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪವಾಯಿತು ಜ್ವಾನೆಗೆ. ಆದರೂ ಮಗಳ ಮೇಲೆ ಅವನಿಗೆ ಪ್ರಾಣ. ಮರುದಿನವೇ ಪಡಖಾನೆಯಲ್ಲಿ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಎಲ್ಲರೂ ಕೇಳುವ ಹಾಗೆ ಹೇಳಿದ: ಕ್ಯಾಂಪಿನಲ್ಲಿ ಅಂಥದ್ದೇನೂ ಇಲ್ಲ, ಅವರು ಸಭ್ಯ ಜನ, ಬಿಸಿಲು ಕಾಯಿಸಿಕೊಳ್ಳುತ್ತಾರೆ, ಈಜುತ್ತಾರೆ, ಅಡುಗೆ ಮಾಡುತ್ತಾರೆ, ಅಷ್ಟೇ.

ಮೀನು ಮಾರುವ ಲಿವಿಯೊ ಚಪ್ಪಾಳೆ ತಟ್ಟಿದ. ಬಾರ್ಬಾ ಅಂದರೆ ಆ ಕಡೆ ಹಿರಿಯರನ್ನು ಮರ್ಯಾದೆಯಿಂದ ಕರೆಯುವ ಮಾತು.

"ಶಹಬ್ಬಾಸ್ ಬಾರ್ಬಾ! ಮಗಳಿಗೆ ಕೆಲಸ ಸಿಕ್ತು ನೋಡಿ, ಎಲ್ಲಾರೂ ಒಂದೇ ದಿನಕ್ಕೆ ಸನ್ಯಾಸಿಗಳಾಗ್ಬಿಟ್ರು!"

"ಅಪ್ಪ ಅಂದ್ರೆ ಹೀಗಿರ್ಬೇಕು" ಎಂದಳು ರೊಮಾನಾ, ಬಾರ್ಬಾ ಜ್ವಾನೆಯ ಬೆನ್ನು ತಟ್ಟಿ. "ಮಗಳಿಗೋಸ್ಕರ ಇಷ್ಟು ದೊಡ್ಡ ಸುಳ್ಳು ಹೇಳೋ ಗಂಡಸರು ಎಲ್ಲಿ ಸಿಗ್ತಾರೆ?"

ಅವನ ಮುಂದೆ ಎರಡು ಲೋಟ ವೈನು ಬಂತು. ಆಣೆ ಇಟ್ಟ, ಮೂರನೆಯದು ಬಂತು. ಮೂವತ್ತು ವರ್ಷ ಸುಳ್ಳು ಹೇಳಿ ಗಳಿಸಿದ ಮರ್ಯಾದೆ ಒಂದು ನಿಜ ಹೇಳಿದ್ದಕ್ಕೆ ಇಮ್ಮಡಿಯಾಯಿತು. ಬೆಪೊ ಮಾತ್ರ ನಗಲಿಲ್ಲ.

"ಕಣ್ಣಾರೆ ನೋಡದೆ ನಂಬೋನಲ್ಲ ನಾನು" ಅಂದ, ಹೊರಗೆ ಬಂದ ಮೇಲೆ. "ಕರ್ಕೊಂಡು ಹೋಗಿ. ನೋಡೇಬಿಡೋಣ. ಸೊಸೆ ವಿಷಯ, ಉಪಾಯ ಇಲ್ಲ."

ಉಪಾಯವಿಲ್ಲ ಎಂದವನ ಕಣ್ಣು ನೀವು ನೋಡಬೇಕಿತ್ತು. ಎಷ್ಟೋ ವರ್ಷದಿಂದ ಇಂಥದೊಂದು ಉಪಾಯವಿಲ್ಲದ ಸ್ಥಿತಿಗಾಗಿಯೇ ಕಾದಿದ್ದ ಮನುಷ್ಯ ಅವನು.

ಶನಿವಾರ ಬೆಳಿಗ್ಗೆ ನಿವೆಸ್ ಫೋನಿನಲ್ಲೇ ಇಬ್ಬರನ್ನೂ ಒಳಗೆ ಬಿಡುವ ಏರ್ಪಾಟು ಮಾಡಿ, ತಾನು ಆ ಕಡೆ ತಲೆಹಾಕದೆ ಪಟ್ಟಣಕ್ಕೆ ಹೋದಳು. ಬೆಪೊ ಹೆಂಡತಿಗೆ ಗಾಣದ ಬೆಲ್ಟು ತರುತ್ತೇನೆ ಎಂದು ಹೇಳಿ ಬಂದಿದ್ದ. ಗಾಣದ ಬೆಲ್ಟಿಗೆ ಹೋಗುವವನು ಹೊಸದಾಗಿ ಕ್ಷೌರ ಮಾಡಿಸಿದ್ದ, ಅತ್ತರು ಬಡಿದುಕೊಂಡಿದ್ದ, ಕತ್ತಿಗೆ ಚಿನ್ನದ ಸರ ಬೇರೆ. ಕ್ಯಾಂಪಿನ ಬಟ್ಟೆ ಇಡುವ ಕೋಣೆಯಲ್ಲಿ ಒಳಚಡ್ಡಿಯವರೆಗೆ ಬಂದು ಅಲ್ಲಿಗೇ ನಿಂತುಬಿಟ್ಟ.

"ಬೀಗರೇ... ಒಂದು ಕೇಳ್ಲಾ?"

"ಕೇಳಿ."

"ಅಲ್ಲಿ ಅವರನ್ನೆಲ್ಲ ನೋಡಿ... ನಂಗೇನಾದ್ರೂ... ತಿಳೀತಲ್ಲ?"

"ಇಲ್ಲ."

"ಥತ್! ಗಂಡಸು ಅಂದ್ಮೇಲೆ, ಎಲ್ಲರೆದುರಿಗೆ..."

"ಅರವತ್ತೆರಡು ವರ್ಷ ಆಯ್ತು ನಿಮಗೆ."

"ಅದೇ ಹೆದರಿಕೆ ಮಾರಾಯ್ರೇ! ಆದ್ರೂ ಮಾನ ಹೋಗತ್ತೆ, ಆಗದಿದ್ರೂ ಮಾನ ಹೋಗತ್ತೆ!"

ಅವನು ಹೆದರುವ ಕಾರಣವೇ ಇರಲಿಲ್ಲ. ಬೆಪೊ ಹೊಟ್ಟೆ ಒಳಗೆಳೆದು, ಎದೆ ಉಬ್ಬಿಸಿ, ಕಡಲ ದಂಡೆಯುದ್ದಕ್ಕೂ ರಾಜಠೀವಿಯಲ್ಲಿ ನಡೆದ. ಯಾರೂ ನೋಡಲಿಲ್ಲ. ತಿರುಗಿ ಬಂದ. ಆಗಲೂ ನೋಡಲಿಲ್ಲ. ಒಬ್ಬಳು ಪುಸ್ತಕದ ಹಾಳೆ ತಿರುವಿದಳು, ಒಬ್ಬ ಗೊರಕೆ ಹೊಡೆಯುತ್ತಿದ್ದ, ಮತ್ತೊಬ್ಬ ತನ್ನ ಗಾಡಿಯ ಚಕ್ರದ ಕೆಳಗೆ ತೂರಿಕೊಂಡು ಏನೋ ತಿರುಪುತ್ತಿದ್ದ. ಊರಿನಲ್ಲಿ ಬೆಪೊ ನಡೆದರೆ ನಾಯಿಯೂ ತಲೆಯೆತ್ತುತ್ತದೆ. ಇಲ್ಲಿ ಹುಟ್ಟುಡುಗೆಯಲ್ಲಿ ಬಂದು ನಿಂತರೂ ಕೇಳುವವರಿಲ್ಲ. ಅವನಿಗೆ ಇಂಥ ಅವಮಾನ ಜನ್ಮದಲ್ಲಿ ಆಗಿರಲಿಲ್ಲ. ಹೊಟ್ಟೆ ಬಿಟ್ಟ. ಅದು ಸುತ್ತಲಿನ ಹೊಟ್ಟೆಗಳ ನಡುವೆ ಕೂಡಿಕೊಂಡಿತು.

ಸುಸ್ತಾಗಿ ಬೆಂಚಿನ ಮೇಲೆ ಕೂತ. ಕೂತದ್ದೇ ತಡ, ಎಲ್ಲಿಂದಲೋ ಒಬ್ಬಳು ಡಚ್ ಅಜ್ಜಿ ಬೆರಳು ಆಡಿಸುತ್ತ ಬಂದಳು.

"ಟವೆಲ್!"

ಬೆಪೊ ಕಕ್ಕಾಬಿಕ್ಕಿಯಾಗಿ ಕೈಯಿಂದ ಮುಂಭಾಗ ಮುಚ್ಚಿಕೊಂಡ.

"ಅದನ್ನಲ್ಲ" ಎಂದ ಜ್ವಾನೆ. "ಕೆಳಗೆ ಹಾಸ್ಕೊಳ್ಳಿ ಅಂತಿದಾರೆ. ಬರಿ ಮೈಲಿ ಬೆಂಚಿನ ಮೇಲೆ ಕೂರೋದು ಇಲ್ಲಿ ಅಸಹ್ಯ."

"ಅಸಹ್ಯನಾ? ಇಲ್ಲೂ ಅಸಹ್ಯ ಅನ್ನೋದಿದ್ಯಾ?" ಎಂದು ಬೆಪೊ ಟವೆಲ್ ಹಾಸಿಕೊಂಡ. ಅಜ್ಜಿ ಮೂಗು ಮುರಿದು ಮರದ ಕೆಳಗೆ ಹೋಗಿ ಕೂತಳು. ಅವಳಿಗೆ ಒಂದೇ ಮೊಲೆಯಿತ್ತು. ಇನ್ನೊಂದು ಕಡೆ ಶಸ್ತ್ರಚಿಕಿತ್ಸೆಯ ಉದ್ದನೆಯ ಗಾಯದ ಗುರುತು. ಬೆಪೊ ಒಂದು ಸಲ ನೋಡಿದ, ಕಣ್ಣು ಕೆಳಗೆ ಹಾಕಿದ. ಅವಳು ಮುಚ್ಚಿಕೊಳ್ಳಲೂ ಇಲ್ಲ, ಸಂಕೋಚ ಪಡಲೂ ಇಲ್ಲ. ಮೊಮ್ಮಗಳಿಗೆ ಬಾಳೆಹಣ್ಣು ಸುಲಿದು ಕೊಟ್ಟಳು. ಬೆಪೊ ತನ್ನ ಟವೆಲಿನ ಅಂಚು ನೇರ ಮಾಡಿಕೊಂಡ.

ಆಗ ಹಿಂದಿನಿಂದ ಗಂಭೀರವಾದ ಒಂದು ದನಿ ಕೇಳಿಸಿತು. "ನಮಸ್ಕಾರ ಬೆಪೊ ಅವರೇ. ನಾಳೆ ಪೂಜೆಗೆ ಬರ್ತೀರಲ್ಲ?"

ಬೆಪೊ ತಿರುಗಿದವನು ಶಿಲುಬೆಯ ಗುರುತು ಹಾಕಿಕೊಂಡುಬಿಟ್ಟ. ಎದುರಿಗೆ ನಿಂತಿದ್ದವರು ಹೆರ್ ಅಲೋಯಿಸ್! ಬೇಸಿಗೆಯ ಪ್ರತಿ ಭಾನುವಾರ ಕೊಸ್ತ್ರೆಲಾ ಚರ್ಚಿನಲ್ಲಿ ಆರ್ಗನ್ ನುಡಿಸುವ ಬವೇರಿಯಾದ ನಿವೃತ್ತ ಮೇಷ್ಟ್ರು. ಇಸ್ತ್ರಿ ಮಾಡಿದ ಅಂಗಿ, ಕತ್ತಿನವರೆಗೆ ಗುಂಡಿ, ಸೆಕೆಯಲ್ಲೂ ಕೋಟು. ಉಡುಪು ಅಂದರೆ ಅವರನ್ನು ನೋಡಿ ಕಲಿಯಿರಿ ಎಂದು ಊರಿನ ತಾಯಂದಿರು ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು. ಯಾವುದೋ ದೊಡ್ಡ ಹೋಟೆಲಿನಲ್ಲಿ ಇಳಿದುಕೊಳ್ಳುತ್ತಾರೆ ಎಂದೇ ಎಲ್ಲರ ನಂಬಿಕೆ. ಈಗ ಅವರ ಮೈಮೇಲೆ ಕನ್ನಡಕ ಬಿಟ್ಟು ಇನ್ನೇನೂ ಇರಲಿಲ್ಲ.

"ನೀವು... ಇಲ್ಲಿ..." ಬೆಪೊ ತೊದಲಿದ.

"ಇಪ್ಪತ್ತೆರಡು ಬೇಸಿಗೆಯಿಂದ. ಬೊಚ್ಚೆ ಆಡ್ತೀರಾ? ನಮಗೊಬ್ಬರು ಕಮ್ಮಿ."

ಬೊಚ್ಚೆ ಅಂದರೆ ಆ ಕರಾವಳಿಯ ಗಂಡಸರಿಗೆ ಎರಡನೆಯ ಮತ. ಸಣ್ಣ ಗುಂಡೊಂದನ್ನು ಎಸೆದು, ದೊಡ್ಡ ಗುಂಡುಗಳನ್ನು ಅದರ ಹತ್ತಿರಕ್ಕೆ ಉರುಳಿಸುವುದು, ಆಮೇಲೆ ಯಾರದು ಹತ್ತಿರ ಎಂದು ಜಗಳ ಕಾಯುವುದು. ಬೆಪೊ ಊರಿನ ತಂಡದ ಹುಲಿ. ಗುಂಡು ಕೈಗೆ ಬಂದ ಕೂಡಲೇ ತಾನು ಬತ್ತಲೆ ಎಂಬುದನ್ನೇ ಮರೆತ. ಊಟದ ಹೊತ್ತು ಮೀರಿತು. ಗುಂಡು ಗುಂಡಿಗೂ ಬಗ್ಗಿ, ದಾರ ಹಿಡಿದು ಅಳೆದು, ವಿಯೆನ್ನಾದ ಹಲ್ಲಿನ ಡಾಕ್ಟರೊಬ್ಬನ ಜೊತೆ ಕೈ ಬೀಸಿ ಬೀಸಿ ವಾದ ಮಾಡಿದ. ಅವನ ಬೆನ್ನ ಹಿಂದೆ ಆಗಸ್ಟ್ ತಿಂಗಳ ಸೂರ್ಯ ತನ್ನ ಕೆಲಸ ತಾನು ಮಾಡುತ್ತಿದ್ದ. ಹುಟ್ಟಿದಾಗಿನಿಂದ ಬಿಸಿಲು ಕಾಣದ ಜಾಗಕ್ಕೆ ಅಂದು ಒಂದೇ ದಿನದಲ್ಲಿ ಅರವತ್ತು ವರ್ಷದ ಬಿಸಿಲು ಬಿತ್ತು.

ವಾಪಸು ಬರುವಾಗ ಬೆಪೊ ಗಾಡಿಯ ಸೀಟಿನಲ್ಲಿ ಒಂದು ಮಗ್ಗುಲಿಗೆ ವಾಲಿ ಕೂತಿದ್ದ. "ಥೂ, ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತಲ್ಲೋ ಜ್ವಾನೆ! ಮೂವತ್ತು ವರ್ಷ ಕಿವಿಗೆ ಹೂವು ಇಟ್ಯಲ್ಲೋ! ಅಲ್ಲಿರೋದು ನಮ್ಮ ಅತ್ತೆಯಂದಿರು, ಚಿಕ್ಕಪ್ಪಂದಿರು ಇದ್ದ ಹಾಗೇ ಇದಾರೆ, ಬಟ್ಟೆ ಒಂದಿಲ್ಲ ಅಷ್ಟೇ." ಆಮೇಲೆ ಸ್ವಲ್ಪ ತಡೆದು, "ಆದ್ರೆ ಆ ಡಾಕ್ಟರ ಗುಂಡು ದೂರಾನೇ ಇತ್ತು. ಕಳ್ಳ ಅವನು."

"ಮದುವೆ?"

"ಆಗತ್ತೆ ಬಿಡಿ ಬೀಗರೇ. ಕೆಲಸಾನೂ ಮಾಡ್ಲಿ. ಅಲ್ಲಿ ಹಾಳಾಗೋಕೆ ಏನಿದೆ ಮಣ್ಣು!"

"ನಾಳೆ ಪಡಖಾನೇಲಿ ಎಲ್ಲರೆದುರಿಗೆ ಇದೇ ಮಾತು ಹೇಳ್ತೀರಾ? ನಾನು ಹೇಳಿದ್ರೆ ನಂಬೋಲ್ಲ. ನೀವು ಹೇಳಿದ್ರೆ ಮುಗೀತು."

"ಹೇಳ್ದೇ ಇರ್ತೀನಾ! ಬೆಪೊ ಬಾಯಲ್ಲಿ ಎರಡು ಮಾತಿಲ್ಲ."

ಜ್ವಾನೆ ಮನೆಗೆ ಬಂದು ಸುದ್ದಿ ಹೇಳಿದಾಗ ನಿವೆಸ್ ಅಪ್ಪನ ಕತ್ತಿಗೆ ಜೋತುಬಿದ್ದಳು. ಎಷ್ಟು ವರ್ಷವಾಗಿತ್ತೋ ಅವಳು ಹಾಗೆ ಜೋತುಬಿದ್ದು. ಜ್ವಾನೆಗೆ ಕಣ್ಣಲ್ಲಿ ನೀರು ಬಂತು.

ಭಾನುವಾರ ಪೂಜೆಯಲ್ಲಿ ಎಲ್ಲರೂ ಕೂತರು, ಬೆಪೊ ಕೂರಲಿಲ್ಲ. ಎಲ್ಲರೂ ಮಂಡಿಯೂರಿ ಎದ್ದರು, ಅವನು ಹಲ್ಲು ಕಚ್ಚಿ ನಿಂತೇ ಇದ್ದ. ಪ್ಯಾಂಟಿನ ಬಟ್ಟೆ ತಾಗಿದರೂ ಪ್ರಾಣ ಹೋಗುತ್ತಿತ್ತು. ಪಾದ್ರಿಗಳು ಪ್ರವಚನದ ನಡುವೆ ಅವನ ಕಡೆ ಕೈತೋರಿಸಿ, "ಪಶ್ಚಾತ್ತಾಪ ಅಂದರೆ ಇದು, ನೋಡಿ" ಅಂದರು. ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಬೆಪೊ ಅಂಥ ಪಾಪ ಏನು ಮಾಡಿದ? ಲಿವಿಯೊ ನಿನ್ನೆ ಮೀನಿನ ಗಾಡಿಯಲ್ಲಿ ಹೋಗುವಾಗ ಬೆಪೊನ ಗಾಡಿಯನ್ನು ಎಲ್ಲಿ ಕಂಡನಂತೆ? ಮೇಲೆ ಹೆರ್ ಅಲೋಯಿಸ್ ಕೋಟು ತೊಟ್ಟು, ಕತ್ತಿನವರೆಗೆ ಗುಂಡಿ ಹಾಕಿ, ದೇವದೂತರೂ ತಲೆದೂಗುವ ಹಾಗೆ ಆರ್ಗನ್ ನುಡಿಸುತ್ತಿದ್ದರು.

ಪೂಜೆ ಮುಗಿಯುವುದರೊಳಗೆ ವಿಷಯ ಊರು ತುಂಬಿತ್ತು. ಪಡಖಾನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಪೊ ಬಾಗಿಲಲ್ಲಿ ಕಂಡದ್ದೇ ರೊಮಾನಾ ಕುರ್ಚಿ ಒರೆಸಿ ಕೊಟ್ಟಳು.

"ಕೂತ್ಕೊಳಿ ಬೆಪೊ."

"ಬೇಡ, ನಿಂತಿರ್ತೀನಿ."

"ಅಯ್ಯಯ್ಯೋ, ಕೂರೋಕೂ ಆಗ್ತಿಲ್ವಾ!" ಎಂದು ಲಿವಿಯೊ ಕೂಗಿದ. ಪಡಖಾನೆ ಬಿದ್ದು ಬಿದ್ದು ನಕ್ಕಿತು. "ಕ್ಯಾಂಪಿಗೆ ಹೋಗಿದ್ರಂತೆ? ಒಂದೇ ದಿನಕ್ಕೆ ಈ ಗತಿನಾ? ಏನ್ ಮಾಡಿದ್ರು ನಿಮಗೆ ಅವರು?"

ನಗು ನಿಂತಿತು. ಎಲ್ಲರೂ ಲೋಟ ಕೆಳಗಿಟ್ಟು ಬೆಪೊನ ಬಾಯಿ ನೋಡಿದರು. ಜ್ವಾನೆಗೆ ಆ ನಿಶ್ಶಬ್ದ ಚೆನ್ನಾಗಿ ಗೊತ್ತಿತ್ತು. ಬಿಸಿಲು ಅನ್ನೋ, ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಬೊಚ್ಚೆ ಆಡ್ದೆ, ಬಿಸಿಲು ಹತ್ತಿತು ಅನ್ನೋ, ನಿನ್ನ ದಮ್ಮಯ್ಯ. ನನ್ನ ಮಗಳ ಬಾಳು ಕಣೋ.

ಬೆಪೊ ಸುತ್ತಲೂ ನೋಡಿದ. ಜನ್ಮದಲ್ಲಿ ಇಷ್ಟು ಕಣ್ಣು ಒಟ್ಟಿಗೆ ಅವನನ್ನು ನೋಡಿರಲಿಲ್ಲ. ನಿನ್ನೆ ಬತ್ತಲೆ ನಿಂತಾಗ ಒಂದು ಕಣ್ಣೂ ತಿರುಗಿರಲಿಲ್ಲ, ಇಂದು ಕೋಟು ಹಾಕಿ ನಿಂತರೆ ಊರೇ ಬಾಯಿ ಬಿಟ್ಟು ನಿಂತಿದೆ.

"ಏನಂತ ಹೇಳ್ಲಿ" ಎಂದು ನಿಟ್ಟುಸಿರು ಬಿಟ್ಟ ಬೆಪೊ. "ಬಾರ್ಬಾ ಜ್ವಾನೆ ಇಷ್ಟು ವರ್ಷ ನಮಗೆ ಹೇಳಿದ್ದು ಅರ್ಧವೂ ಅಲ್ಲ. ಅರ್ಧವೂ ಅಲ್ಲ ಕಣ್ರಪ್ಪಾ!"

ಪಡಖಾನೆಯ ಸೂರು ಹಾರಿತು. ನಾಲ್ಕು ಕಡೆಯಿಂದ ನಾಲ್ಕು ಲೋಟ ಬಂದವು.

"ಸುಳ್ಳು!" ಜ್ವಾನೆ ಮೇಜು ಗುದ್ದಿ ಎದ್ದ. "ಹಸಿ ಸುಳ್ಳು! ದಿನವಿಡೀ ಹಲ್ಲಿನ ಡಾಕ್ಟರ ಜೊತೆ ಬೊಚ್ಚೆ ಆಡ್ದ ಇವನು! ಬಿಸಿಲಿಗೆ ಅಂಡು ಸುಟ್ಟಿದೆ, ಇನ್ನೇನೂ ಇಲ್ಲ! ಬಿಚ್ಚೋ ಪ್ಯಾಂಟು, ತೋರ್ಸೋ ಎಲ್ಲರಿಗೂ!"

"ನೋಡಿದ್ರಾ ನೋಡಿದ್ರಾ" ಎಂದು ಲಿವಿಯೊ ಹೊಟ್ಟೆ ಹಿಡಿದುಕೊಂಡ. "ಅಲ್ಲಿಗೆ ಹೋಗಿ ಬಂದ್ಮೇಲೆ ಇಲ್ಲೂ ಬಿಚ್ಚೋ ಮಾತೇ!"

ಅಲ್ಲಿಗೆ ಜ್ವಾನೆಯ ಮಾತೂ ಮುಗಿಯಿತು. ಜನ ಕಣ್ಣೊರೆಸಿಕೊಂಡು ನಗುತ್ತಿದ್ದರು. ಜ್ವಾನೆ ಬೆಪೊನ ರಟ್ಟೆ ಹಿಡಿದು ಹೊರಗೆಳೆದ.

"ಏನೋ ಮಾಡ್ಬಿಟ್ಟೆ, ಚಂಡಾಲ!"

"ನಾನೇನ್ ಮಾಡ್ಲಿ? ಅವರ ಮುಖ ನೋಡಿದ್ಯಾ?" ಬೆಪೊ ಕಣ್ಣು ತಪ್ಪಿಸಿದ. "ಬೊಚ್ಚೆ ಅಂದಿದ್ರೆ ನಾಳೆಯಿಂದ ಬೀದೀಲಿ ತಿರುಗಾಡೋಕಾಗ್ತಿತ್ತಾ? ಅಂಡು ಸುಟ್ಕೊಂಡ ಬೆಪೊ ಅಂತ ಹೆಸರಿಡೋರು. ಸಾಯೋವರೆಗೂ ಅದೇ ಹೆಸರು."

"ನಿವೆಸ್ ಕಥೆ ಏನೋ?"

"ಅದೇ ಬೀಗರೇ... ಈಗ ಇಷ್ಟೆಲ್ಲ ಹೇಳಿದ್ಮೇಲೆ ನಮ್ಮನೆ ಸೊಸೇನ ಅಲ್ಲಿಗೆ ಕಳ್ಸೋದು ಹ್ಯಾಗೆ? ಊರು ಏನನ್ನತ್ತೆ?"

"ಊರಿಗೆ ಹೇಳಿದೋನು ನೀನೇ ಅಲ್ವೇನೋ!"

"ನಾನು ಒಂದು ದಿನ ಹೇಳ್ದೆ" ಎಂದ ಬೆಪೊ. "ನೀವು ಮೂವತ್ತು ವರ್ಷ ಹೇಳಿದೀರಿ."

ಬೆಪೊ ನಿಧಾನವಾಗಿ, ಕಾಲು ಅಗಲಿಸಿ ನಡೆಯುತ್ತ, ಮತ್ತೆ ಒಳಗೆ ಹೋದ.

ಸಂಜೆ ದೊರ್ಯಾನ್ ಬಂದ. ಗೇಟಿನ ಹೊರಗೇ ನಿಂತ. ಒಳ್ಳೆಯ ಹುಡುಗ, ಆದರೆ ಬೆನ್ನಿನಲ್ಲಿ ಮೂಳೆ ಇಡುವಾಗ ದೇವರು ಸ್ವಲ್ಪ ಜಿಪುಣತನ ಮಾಡಿದ್ದ. ಅಪ್ಪ ಹೇಳಿದ್ದು ಸುಳ್ಳು ಅಂತ ತನಗೆ ಗೊತ್ತು, ಬಿಸಿಲಿಗೆ ಸುಟ್ಟ ಅಪ್ಪನ ಹಿಂಭಾಗಕ್ಕೆ ತಾನೇ ಮೊಸರು ಬಳಿದಿದ್ದೇನೆ ಅಂದ.

"ಗೊತ್ತಿದ್ರೆ ಮತ್ತೆ?" ಎಂದಳು ನಿವೆಸ್.

"ನಂಗೆ ಗೊತ್ತು. ಊರಿಗೆ ಗೊತ್ತಿಲ್ಲವಲ್ಲ. ಒಂದು ವರ್ಷ ಸುಮ್ನಿರು, ನಿವೆಸ್. ಕೆಲಸ ಬೇರೆ ಸಿಗತ್ತೆ."

ನಿವೆಸ್ ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಉಂಗುರ ಬಿಚ್ಚಿ, ಗೇಟಿನ ಸರಳುಗಳ ನಡುವಿನಿಂದ ಅವನ ಅಂಗೈಗೆ ಹಾಕಿದಳು.

"ಅಲ್ಲಿರೋ ಮುದುಕರಿಗೆ ಬತ್ತಲೆ ನಿಂತಾಗ ಇರೋ ಧೈರ್ಯ ನಿಂಗೆ ಬಟ್ಟೆ ಹಾಕ್ಕೊಂಡೂ ಇಲ್ಲ" ಅಂದಳು. ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅತ್ತಳು. ಜ್ವಾನೆ ಬಾಗಿಲ ಹೊರಗೆ ನಿಂತು "ಮಗಳೇ, ಮಗಳೇ" ಎಂದು ಕರೆದ. ಅವಳು ತೆರೆಯಲಿಲ್ಲ. ಫೂಮಾ ಬಂದು, "ಇಷ್ಟು ದಿನ ನಿನ್ನ ಬಾಯಿ ನಡೆದಿದ್ದು ಸಾಲ್ದಾ? ಈಗ್ಲಾದ್ರೂ ಸುಮ್ನಿರು" ಎಂದು ಅವನನ್ನು ಅಡುಗೆಮನೆಗೆ ಅಟ್ಟಿದಳು.

ನಿವೆಸ್ ಕೆಲಸಕ್ಕೆ ಸೇರಿದಳು. ಕ್ಯಾಂಪಿನ ಮನೆಗೆ ಪೆಟ್ಟಿಗೆ ಸಾಗಿಸಿದಳು. ಊರು ಕೂಡಿ ಕಳೆದು ನೋಡಿತು: ಒಳ್ಳೆಯ ಹುಡುಗ, ಎಣ್ಣೆ ಗಾಣ, ಎಲ್ಲ ಬಿಟ್ಟು ಹೋದಳೆಂದರೆ ಅಲ್ಲಿ ಇನ್ನೆಂಥ ಸುಖ ಇರಬೇಕು! ಜ್ವಾನೆ ಪಡಖಾನೆಯ ಕಡೆ ತಲೆಹಾಕುವುದನ್ನೇ ಬಿಟ್ಟ.

ದ್ರಾಕ್ಷಿ ಕುಯ್ಲು ಮುಗಿಯಿತು. ಮದುವೆ ಆಗಬೇಕಿದ್ದ ಶನಿವಾರ ಮನೆಯಲ್ಲಿ ಕೂರಲಾರದೆ ಜ್ವಾನೆ ಹೊರಟ. ಕಾಲು ತಾನಾಗಿ ರೊಮಾನಾಳ ಬಾಗಿಲಿಗೆ ತಂದಿತು. ಒಳಗಿನಿಂದ ನಗು ಕೇಳಿಸುತ್ತಿತ್ತು, ನಗುವಿನ ಮಧ್ಯೆ ಬೆಪೊನ ದನಿ. ಎಂಥ ಕಥೆಗಾರನಾಗಿದ್ದ ಬೆಪೊ! ಎಲ್ಲಿ ತಡೆಯಬೇಕು, ಎಲ್ಲಿ ಲೋಟ ಎತ್ತಬೇಕು, ಎಲ್ಲವನ್ನೂ ಕಲಿತಿದ್ದ.

"...ಸ್ವಾಗತದ ಮೇಜಿನ ಹುಡುಗೀರು ಬಿಳಿ ಅಂಗಿ ಹಾಕಿರ್ತಾರಪ್ಪ, ನಾನು ಇಲ್ಲ ಅನ್ನೋಲ್ಲ. ಮೇಲಿಂದ ನೋಡಿದ್ರೆ ಸನ್ಯಾಸಿನಿಯರು. ಆದ್ರೆ ಮೇಜಿನ ಆ ಕಡೆ ಬಗ್ಗಿ ನೋಡಿದ್ರೆ..."

ಜ್ವಾನೆ ಬಾಗಿಲು ತಳ್ಳಿದ. ಮಾತು ನಿಂತಿತು. ಬೆಪೊ ಲೋಟದೊಳಗೆ ನೋಡತೊಡಗಿದ. ಲಿವಿಯೊ ಕೆಮ್ಮಿದ.

"ಬನ್ನಿ ಬಾರ್ಬಾ. ಕಾಣಿಸ್ಲೇ ಇಲ್ಲ ಎಷ್ಟು ದಿನ ಆಯ್ತು. ಈ ಸಲದ ದ್ರಾಕ್ಷಿ ಬಗ್ಗೆ ಮಾತಾಡ್ತಿದ್ವಿ."

ಜ್ವಾನೆಗೆ ಬೆಪೊನ ಕುತ್ತಿಗೆ ಹಿಚುಕಬೇಕೆನಿಸಿತು. ಆದರೆ ಬಾಯಿಗೆ ಬಂದದ್ದು ಬೇರೆಯೇ, ಅದೂ ಬೇಡುವವನ ದನಿಯಲ್ಲಿ.

"ನನ್ನ ಮಗಳು ಕಣ್ರೋ ಅವಳು."

"ನಿಮ್ಮ ಮಗಳಿಗೆ ಯಾರೇನಂದ್ರು ಬಾರ್ಬಾ?" ಎಂದಳು ರೊಮಾನಾ ಮೆತ್ತಗೆ. "ಯಾರ ಹೆಸರೂ ಹೇಳ್ಲಿಲ್ಲವಲ್ಲ."

ನಿಜವೇ. ಅವನೂ ಯಾರ ಹೆಸರನ್ನೂ ಹೇಳಿರಲಿಲ್ಲ, ಒಂದು ದಿನವೂ. ತನ್ನ ಕಥೆಯ ಆ ಹೆಂಗಸರೂ ಯಾರದೋ ಹೆಣ್ಣುಮಕ್ಕಳು ಎಂಬುದು ಅವನ ತಲೆಗೆ ಹೋದದ್ದು ಈಗ.

ರೊಮಾನಾ ಅವನ ಹಳೆಯ ಜಾಗದ ಮೇಜು ಒರೆಸಿ ವೈನು ತಂದಿಟ್ಟಳು. ಒಬ್ಬೊಬ್ಬರೂ ತಮ್ಮ ತಮ್ಮ ಲೋಟ ತಿರುಗಿಸುತ್ತ, ಆಗಾಗ ಬಾಗಿಲ ಕಡೆ ನೋಡುತ್ತಿದ್ದರು. ಕಥೆ ಅರ್ಧಕ್ಕೆ ನಿಂತಿತ್ತು. ಜ್ವಾನೆ ಯಾವಾಗ ಎದ್ದು ಹೋಗುತ್ತಾನೋ ಎಂದು ಕಾಯುತ್ತಿದ್ದರು.